78 ವರ್ಷ ಕಾಯಿ ಬಿಡದ ಬೇಲಿ

ಹಸಿರೆಲೆಯ ಮೇಲೆ ಯಾರೋ ಅರಿಶಿನದ ನೀರು ಚಿಮುಕಿಸಿದ ಹಾಗೆ ಹಳದಿ ಚುಕ್ಕೆ ಇರುವ ಗಿಡ. ಲಂಡನ್ನಿನ ಹಳೇ ಬಡಾವಣೆಗಳಲ್ಲಿ ಓಡಾಡಿದವರು ಇದನ್ನು ನೋಡಿಯೇ ಇರುತ್ತಾರೆ, ನೋಡಿದ್ದು ನೆನಪಿರುವುದಿಲ್ಲ ಅಷ್ಟೇ. ಸಾಲುಮನೆಗಳ ಮುಂದಿನ ಅಂಗೈಯಗಲದ ತೋಟ, ಇಟ್ಟಿಗೆಯ ಮೋಟುಗೋಡೆ, ಅದರ ಹಿಂದೆ ಎದೆಯೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದ ಚುಕ್ಕೆ ಎಲೆಯ ಬೇಲಿ. ಕಸದ ಡಬ್ಬಿ ಮರೆಮಾಡೋದಕ್ಕೆ ಇದು, ಚರ್ಚಿನ ಹಿತ್ತಿಲಿಗೆ ಇದು, ಬಿಸಿಲೇ ಬೀಳದ ಉತ್ತರದ ಗೋಡೆಯ ಬುಡಕ್ಕೂ ಇದು. ಬೇರೆ ಏನೂ ಬದುಕದ ಜಾಗಕ್ಕೆಲ್ಲ ಇದನ್ನೇ ತಂದು ನೆಡುತ್ತಾರೆ. ಹೆಸರು ಆಕ್ಯುಬಾ ಜಪೋನಿಕಾ. ಇಂಗ್ಲಿಷರ ಬಾಯಲ್ಲಿ 'ಸ್ಪಾಟೆಡ್ ಲಾರೆಲ್', ಚುಕ್ಕೆ ಲಾರೆಲ್. (ಲಾರೆಲ್ ಜಾತಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಎಲೆ ಸ್ವಲ್ಪ ಹಾಗೆ ಕಾಣುತ್ತೆ ಅಂತ ಇಟ್ಟ ಹೆಸರು.)

ಇದರ ಬಗ್ಗೆ ಬರೆಯೋಣ ಅನ್ನಿಸಿದ್ದು ಒಂದು ಲೆಕ್ಕದಿಂದ. ಈ ಗಿಡ ಇಂಗ್ಲೆಂಡಿಗೆ ಬಂದದ್ದು 1783ರಲ್ಲಿ. ಅದರ ಗಂಡು ಗಿಡ ಬಂದದ್ದು 1861ರಲ್ಲಿ. ನಡುವೆ 78 ವರ್ಷ. ಅಷ್ಟೂ ಕಾಲ ಊರೂರಿಗೆ ಹಬ್ಬಿದ್ದ, ಬೇಲಿಯಾಗಿ, ಪೊದೆಯಾಗಿ, ಕುಂಡದಲ್ಲಿ ನಿಂತಿದ್ದ ಆ ಗಿಡಗಳೆಲ್ಲ ಹೆಣ್ಣು. ಹೂ ಬಿಡುತ್ತಿದ್ದವು, ಒಂದೂ ಹಣ್ಣಾಗುತ್ತಿರಲಿಲ್ಲ. ಕೊನೆಗೆ ಒಬ್ಬ ಮನುಷ್ಯ ಹಡಗು ಹತ್ತಿ ಜಪಾನಿಗೆ ಹೋದ, ಗಂಡು ಹುಡುಕೋದಕ್ಕೆ. ವರಾನ್ವೇಷಣೆ ಅಂದರೆ ಇದು!

ಕಥೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ಇಂಗ್ಲಿಷರಿಗೆ ಬೇಲಿಯ ಹುಚ್ಚು ಮೊದಲಿನಿಂದಲೂ ಇದ್ದದ್ದೇ. ಅವರ ಚಳಿಗಾಲದಲ್ಲಿ ಮುಕ್ಕಾಲುವಾಸಿ ಮರಗಳು ಬೋಳಾಗಿ ನಿಲ್ಲುತ್ತವೆ, ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಆಗ ಎಲೆ ಉಳಿಸಿಕೊಳ್ಳುವ ಗಿಡಕ್ಕೆ ಇರುವ ಬೆಲೆ ವರ್ಷವಿಡೀ ಹಸಿರು ನೋಡುವ ನಮಗೆ ಅಷ್ಟು ಸುಲಭಕ್ಕೆ ಅರ್ಥವಾಗೋದಿಲ್ಲ. ಅವರ ಸ್ವಂತ ನಿತ್ಯಹಸಿರಿನ ಬೇಲಿಗಿಡ ಅಂದರೆ ಹಾಲಿ: ಮುಳ್ಳಿನ ಎಲೆ, ಕೆಂಪು ಹಣ್ಣು, ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಇರುತ್ತಲ್ಲ, ಅದು. 17ನೇ ಶತಮಾನದ ಜಾನ್ ಈವ್ಲಿನ್ ಎಂಬ ದಿನಚರಿಕಾರ ಲಂಡನ್ ಪಕ್ಕದ ಡೆಟ್‌ಫರ್ಡ್‌ನ ತನ್ನ ಮನೆಯಲ್ಲಿ ಹಾಲಿ ಬೇಲಿ ಬೆಳೆಸಿ, ಮರಗಳ ಬಗ್ಗೆ ಬರೆದ 'ಸಿಲ್ವಾ' ಎಂಬ ಪುಸ್ತಕದಲ್ಲಿ ಅದನ್ನು ಬಾಯ್ತುಂಬ ಹೊಗಳಿಕೊಂಡಿದ್ದ. 1698ರಲ್ಲಿ ಆ ಮನೆ ರಷ್ಯಾದ ತ್ಸಾರ್ ಪೀಟರನ ಬಿಡಾರವಾಯಿತು. ಹಡಗು ಕಟ್ಟುವುದನ್ನು ಕಲಿಯಲು ಬಂದಿದ್ದ ದೊರೆ, ಬಿಡುವಿನ ವೇಳೆಯಲ್ಲಿ ತೋಟದ ಕೈಗಾಡಿಯಲ್ಲಿ ಕೂತು, ಅದನ್ನು ತಳ್ಳಿಸಿಕೊಂಡು ಆ ಬೇಲಿಯೊಳಗೇ ನುಗ್ಗುತ್ತಿದ್ದನಂತೆ. ಅವನು ಹೋದ ಮೇಲೆ ಮನೆ ತೋಟದ ನಷ್ಟ ಅಂದಾಜು ಮಾಡಲು ಬಂದವನು ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟಫರ್ ರೆನ್. ಸರ್ಕಾರದ ಮೇಲೆ ಬಿದ್ದ ಬಿಲ್ಲು ಸುಮಾರು 350 ಪೌಂಡು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಹಾಲಿಯಲ್ಲೂ ಬಿಳಿ ಅಂಚಿನ, ಹಳದಿ ಅಂಚಿನ ತಳಿಗಳಿವೆ. ಅದರಲ್ಲೂ ಗಂಡು ಹೆಣ್ಣು ಬೇರೆ ಬೇರೆ ಗಿಡ. ಇಲ್ಲೊಂದು ತಮಾಷೆ: 'ಗೋಲ್ಡನ್ ಕಿಂಗ್' ಎಂಬ ಪ್ರಸಿದ್ಧ ಹಾಲಿ ಹೆಣ್ಣು ಗಿಡ, 'ಸಿಲ್ವರ್ ಕ್ವೀನ್' ಗಂಡು. ಹೆಸರಿಟ್ಟವರು ಎಲೆ ನೋಡಿದರು, ಹೂ ನೋಡಲಿಲ್ಲ. ಬಣ್ಣದೆಲೆಯ ಗಿಡಗಳ ಚರಿತ್ರೆಯುದ್ದಕ್ಕೂ ಆಗಿರೋದು ಇದೇ ಅಂತ ನನಗನ್ನಿಸುತ್ತೆ.

ಈಗ ಜಪಾನಿಗೆ ಹೋಗೋಣ. ಅಲ್ಲಿ ಈ ಗಿಡದ ಹೆಸರು 'ಅಓಕಿ'. ಹಸಿರು ಮರ ಅಂತ ಅರ್ಥ. ಕಾಡಿನ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಆಳೆತ್ತರದ ಪೊದೆ, ಚುಕ್ಕೆ ಗಿಕ್ಕೆ ಏನೂ ಇಲ್ಲದ ಅಚ್ಚ ಹಸಿರು ಎಲೆ, ಚಳಿಗಾಲದಲ್ಲಿ ಕೆಂಪು ಹಣ್ಣು. ನೆರಳಲ್ಲಿ ಹುಟ್ಟಿ ಬೆಳೆದ ಜಾತಿಯಾದ್ದರಿಂದಲೇ ಲಂಡನ್ನಿನ ಗೋಡೆಮೂಲೆಗಳಲ್ಲಿ ಅದು ಬದುಕಿಕೊಂಡದ್ದು. ('ಅಓಕಿಬ' ಎಂಬ ಜಪಾನಿ ಮಾತೇ ಲ್ಯಾಟಿನ್ನಿನ ಬಾಯಲ್ಲಿ ಆಕ್ಯುಬಾ ಆಯಿತು. ಹಳದಿ ಚುಕ್ಕೆಗೆಂದೇ ಸಾಕುವ ಗಿಡಕ್ಕೆ ಹಸಿರು ಎಂಬ ಹೆಸರು!) ಅಂದ ಹಾಗೆ, ನಮ್ಮ ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಕಾಡುಗಳಲ್ಲೂ ಇದರ ದಾಯಾದಿಯೊಂದಿದೆ. ಅದರ ಹೆಸರು ಆಕ್ಯುಬಾ ಹಿಮಾಲೈಕಾ.

ಆಗಿನ ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ದೇಶ. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯ ದೇಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಮಾತ್ರ, ವ್ಯಾಪಾರಕ್ಕೆ ಅನುಮತಿ. ದ್ವೀಪ ಬಿಟ್ಟು ಆಚೆ ಕಾಲಿಡುವ ಹಾಗಿಲ್ಲ. ಡಚ್ ಕಂಪನಿಯ ವೈದ್ಯರಾಗಿ ಅಲ್ಲಿದ್ದ ಇಬ್ಬರು ಈ ಗಿಡವನ್ನು ಯೂರೋಪಿನ ಪುಸ್ತಕಗಳಿಗೆ ತಂದರು. ಮೊದಲನೆಯವನು ಜರ್ಮನಿಯ ಎಂಗೆಲ್‌ಬರ್ಟ್ ಕೆಂಫರ್, ಅವನ ಪುಸ್ತಕ ಬಂದದ್ದು 1712ರಲ್ಲಿ. ಎರಡನೆಯವನು ಲಿನ್ನೇಯಸ್‌ನ ಶಿಷ್ಯ, ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್. ಈತ 1775-76ರಲ್ಲಿ ಅಲ್ಲಿದ್ದ. ಹೊರಗೆ ಹೋಗಲು ಬಿಡದಿದ್ದಾಗ ದ್ವೀಪದ ದನ ಮೇಕೆಗಳಿಗೆ ಅಂತ ತರುತ್ತಿದ್ದ ಮೇವಿನ ಹೊರೆಯನ್ನೇ ಬಿಚ್ಚಿ, ಅದರಲ್ಲಿ ಹೊಸ ಗಿಡ ಹುಡುಕುತ್ತಿದ್ದನಂತೆ ಈ ಪುಣ್ಯಾತ್ಮ.

1783ರಲ್ಲಿ ಜೀವಂತ ಗಿಡವನ್ನು ಇಂಗ್ಲೆಂಡಿನಲ್ಲಿ ಬೆಳೆಸಿದ ಕೀರ್ತಿ ಜಾನ್ ಗ್ರೇಫರ್ ಎಂಬ ತೋಟಗಾರನದು. ಇವನೂ ಜರ್ಮನಿಯವನೇ, ಲಂಡನ್ನಿನ ಮೈಲ್ ಎಂಡ್ ನರ್ಸರಿಯಲ್ಲಿದ್ದವನು. ಮುಂದೆ ನೇಪಲ್ಸ್ ರಾಣಿಗಾಗಿ ಕಸೆರ್ತಾ ಅರಮನೆಯಲ್ಲಿ ತೋಟ ಮಾಡಲು ಇಟಲಿಗೆ ಹೋದ. ಬಂದ ಗಿಡ ಹಳದಿ ಚುಕ್ಕೆಯದು, ಹೆಣ್ಣು. ಜಪಾನಿನಿಂದ ಬಂದದ್ದು, ಚಳಿ ತಡೆಯೋದಿಲ್ಲ ಅಂತ ಮೊದಮೊದಲು ಬೆಂಕಿ ಹಾಕಿ ಬಿಸಿ ಮಾಡಿದ ಗಾಜಿನ ಮನೆಯಲ್ಲಿಟ್ಟು ಸಾಕಿದರು. ಅದಕ್ಕೆ ಅದರ ಅಗತ್ಯವೇ ಇರಲಿಲ್ಲ. ಹೊರಗಿಟ್ಟರೂ ಆರಾಮಾಗಿ ಬದುಕುತ್ತೆ ಅಂತ ಗೊತ್ತಾದ ಮೇಲೆ ಹಬ್ಬಿದ್ದೇ ಹಬ್ಬಿದ್ದು. ಟೊಂಗೆ ಕತ್ತರಿಸಿ ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬರುತ್ತೆ. ಆ ಒಂದು ಗಿಡದ ಟೊಂಗೆ, ಟೊಂಗೆಯ ಟೊಂಗೆ, ಅದರ ಟೊಂಗೆ...

ಇಲ್ಲಿ ಎರಡು ಮಾತು ವಿಜ್ಞಾನ. ಬೇಡ ಅನ್ನುವವರು ಮುಂದಿನ ಪ್ಯಾರಾ ಹಾರಿಸಿ :-)

ಎಲೆಯಲ್ಲಿ ಹಸಿರಿಲ್ಲದ ಜಾಗ ಅಂದರೆ ಅಲ್ಲಿನ ಜೀವಕೋಶಗಳಲ್ಲಿ ಪತ್ರಹರಿತ್ತು ಇಲ್ಲ ಅಥವಾ ಕಡಿಮೆ. ಅಷ್ಟರಮಟ್ಟಿಗೆ ಗಿಡಕ್ಕೆ ಊಟ ಕಡಿಮೆ. ಕಾಡಿನಲ್ಲಿ ಇಂಥ ಗಿಡ ಹುಟ್ಟಿದರೂ ಪೂರ್ತಿ ಹಸಿರಿನ ಅಣ್ಣತಮ್ಮಂದಿರ ಜೊತೆ ಓಡಿ ಗೆಲ್ಲೋದು ಕಷ್ಟ. ಮನುಷ್ಯ ನೋಡಿ, ಚೆಂದ ಅಂತ ಎತ್ತಿಟ್ಟುಕೊಂಡರೆ ಉಳಿಯುತ್ತೆ. ಬಣ್ಣ ಬರೋದಕ್ಕೂ ಕಾರಣಗಳು ಹಲವು. ನಮ್ಮ ಸಂಜೆಮಲ್ಲಿಗೆಯನ್ನೇ ತೊಗೊಳ್ಳಿ. 1909ರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಮಚ್ಚೆ ಎಲೆಯ ಸಂಜೆಮಲ್ಲಿಗೆ ಇಟ್ಟುಕೊಂಡು ತೋರಿಸಿದ್ದು ಏನು ಅಂದರೆ, ಎಲೆಯ ಬಣ್ಣ ತಾಯಿ ಕೊಂಬೆಯಿಂದ ಮಾತ್ರ ಬರುತ್ತೆ, ಪರಾಗ ಯಾವ ಗಿಡದ್ದಾದರೂ ವ್ಯತ್ಯಾಸವಿಲ್ಲ. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ನೆನಪಿರಬಹುದು. ಅದೇ ವರ್ಷ ಎರ್ವಿನ್ ಬೌರ್ ಎಂಬಾತ ಬಿಳಿ ಅಂಚಿನ ಜೆರೇನಿಯಂ ಎಲೆಯಲ್ಲಿ ಎರಡು ಬಗೆಯ ಅಂಗಾಂಶ ಒಂದರ ಮೇಲೊಂದು ಹೊದಿಕೆಯಂತೆ ಕೂತಿರುತ್ತೆ ಅಂತ ವಿವರಿಸಿದ. ಕೆಲವು ಗಿಡಗಳಲ್ಲಿ ವೈರಸ್ಸೇ ಅಲಂಕಾರ: 1868ರಲ್ಲಿ ವೆಸ್ಟ್ ಇಂಡೀಸಿನಿಂದ ಇಂಗ್ಲೆಂಡಿಗೆ ಬಂದ ಒಂದು ಮಚ್ಚೆ ಎಲೆಯ ಅಬುಟಿಲಾನ್ ಗಿಡದ ಸೌಂದರ್ಯವೆಲ್ಲ ರೋಗ. ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಬೀಜ ಹಾಕಿದರೆ ಇಂಥ ಗಿಡಗಳು ತಾಯಿಯಂತೆಯೇ ಬರುತ್ತವೆ ಅನ್ನುವ ಖಾತ್ರಿ ಇಲ್ಲ. ಬೇಲಿಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣ ಬೇಕು. ಹಾಗಾಗಿ ಟೊಂಗೆ ನೆಡುವುದೇ ದಾರಿ. ಅಂದರೆ ಬಣ್ಣದೆಲೆಯ ಬೇಲಿಯೊಂದು ಉದ್ದಕ್ಕೆ ನಿಂತಿದೆ ಅಂದರೆ ನೀವು ನೋಡುತ್ತಿರುವುದು ಬಹುಮಟ್ಟಿಗೆ ಒಂದೇ ಗಿಡ, ನೂರು ಸಲ.

ಅದರ ಮೇಲೂ ಕಾವಲು ಬೇಕು. ಆಗಾಗ ಯಾವುದೋ ರೆಂಬೆ ತನ್ನ ಹಳೇ ಹಸಿರಿಗೆ ವಾಪಸಾಗಿಬಿಡುತ್ತೆ. ಅದಕ್ಕೆ ಪತ್ರಹರಿತ್ತು ಜಾಸ್ತಿಯಾದ್ದರಿಂದ ಬೆಳವಣಿಗೆಯೂ ಜಾಸ್ತಿ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬೇಲಿಯ ತುಂಬ ಅದೇ. ಮಾಲಿ ಅಂಥ ರೆಂಬೆಯನ್ನು ಕಂಡಕೂಡಲೇ ಬುಡದಿಂದ ಕಿತ್ತುಹಾಕಬೇಕು. ಆರೋಗ್ಯವಂತನನ್ನು ಹುಡುಕಿ ಹುಡುಕಿ ಕಡಿಯುವ ಕೆಲಸ ಇದೊಂದೇ ಇರಬೇಕು ತೋಟಗಾರಿಕೆಯಲ್ಲಿ.

ಇರಲಿ, ಲಂಡನ್ನಿಗೆ ವಾಪಸು. 19ನೇ ಶತಮಾನ. ಊರು ಬೆಳೆಯಿತು, ಮನೆಮನೆಯ ಒಲೆಯಲ್ಲೂ ಕಲ್ಲಿದ್ದಲು, ಕಾರ್ಖಾನೆಗಳ ಚಿಮಣಿಗಳಲ್ಲೂ ಅದೇ ಹೊಗೆ. ಮಸಿ ಎಲೆಗಳ ಮೇಲೆ ಕೂತು ಕೂತು ಗಿಡಗಳು ಸಾಯತೊಡಗಿದವು. ಹಡಗುಕಟ್ಟೆಗಳ ಹತ್ತಿರದ ವೆಲ್‌ಕ್ಲೋಸ್ ಚೌಕದಲ್ಲಿ ನಥಾನಿಯಲ್ ವಾರ್ಡ್ ಎಂಬ ಡಾಕ್ಟರು ಮನೆಯಲ್ಲಿ ಜರೀಗಿಡ ಬೆಳೆಸಲು ಒದ್ದಾಡುತ್ತಿದ್ದರು. ಹೊಗೆಗೆ ಎಲ್ಲ ಸತ್ತುಹೋಗುತ್ತಿದ್ದವು. 1829ರಲ್ಲಿ ಪತಂಗದ ಕೋಶ ಒಂದನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಶೀಶೆಯಲ್ಲಿ ಮುಚ್ಚಿಟ್ಟು ನೋಡುತ್ತಿದ್ದಾಗ, ಆ ಮಣ್ಣಲ್ಲಿ ತಾನಾಗಿ ಒಂದು ಜರೀಸಸಿಯೂ ಒಂದು ಹುಲ್ಲೂ ಮೊಳೆತವು! ಮುಚ್ಚಿದ ಗಾಜಿನೊಳಗೆ ಎಲೆಯ ತೇವ ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೇ ಇಳಿಯುತ್ತೆ. ನೀರು ಹಾಕುವ ಕೆಲಸವೇ ಇಲ್ಲ. ಹೊಗೆ ಒಳಗೆ ಬರೋದಿಲ್ಲ. ಉಪ್ಪುಗಾಳಿಯೂ ಬರೋದಿಲ್ಲ. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡ ತುಂಬಿ ಸಿಡ್ನಿಗೆ ಕಳಿಸಿ ನೋಡಿದರು. ತಿಂಗಳುಗಟ್ಟಲೆ ಸಮುದ್ರಯಾನದ ನಂತರವೂ ಗಿಡ ಜೀವಂತ. ಅದುವರೆಗೆ ಹಡಗಿನಲ್ಲಿ ತಂದ ಗಿಡಗಳಲ್ಲಿ ಬದುಕುತ್ತಿದ್ದದ್ದು ಎಲ್ಲೋ ಒಂದೊಂದು. ಇನ್ನು ಮುಂದೆ ಭೂಮಿಯ ಯಾವ ಮೂಲೆಯ ಗಿಡವನ್ನಾದರೂ ಯಾವ ಮೂಲೆಗಾದರೂ ಸಾಗಿಸಬಹುದು.

ಇತ್ತ ಗಾಜಿನ ಪೆಟ್ಟಿಗೆ ಇಲ್ಲದೆಯೂ ಹೊಗೆಯಲ್ಲಿ ನಿಲ್ಲಬಲ್ಲ ಗಿಡಗಳಿಗೆ ಬೇಡಿಕೆ ಬಂತು. ಪ್ರಿವೆಟ್, ಯುವಾನಿಮಸ್, ಮತ್ತೆ ನಮ್ಮ ಆಕ್ಯುಬಾ. ದಪ್ಪ, ನುಣುಪು, ತೊಗಲಿನಂಥ ಎಲೆ. ಮಳೆ ಬಂದರೆ ಮಸಿ ತೊಳೆದುಹೋಗಿ ಮತ್ತೆ ಹೊಳೆಯುತ್ತೆ. ಕಪ್ಪಿಟ್ಟ ಇಟ್ಟಿಗೆಗೋಡೆಗಳ ನಡುವೆ ಅದರ ಹಳದಿ ಚುಕ್ಕೆ ಯಾರೋ ಬಿಸಿಲು ತಂದು ಉದುರಿಸಿದ ಹಾಗೆ ಕಾಣುತ್ತಿದ್ದಿರಬೇಕು. 'ಚಿನ್ನದ ಗಿಡ' ಅಂತಲೇ ಕರೆದರು. ಈ ಗಿಡ ಸೊಗಸಿಲ್ಲದ್ದು ಅಂತ ಮುಂದೆ ಮೂಗು ಮುರಿದವರು ಆ ಹೊಗೆಯಲ್ಲಿ ಒಂದು ಚಳಿಗಾಲ ಕಳೆದು ನೋಡಬೇಕಿತ್ತು.

ಕೊರಗು ಒಂದೇ. ಹಾಲಿಯ ಹಾಗೆ ಕೆಂಪು ಹಣ್ಣು ಬಿಟ್ಟಿದ್ದರೆ! ಜಪಾನಿನಲ್ಲಿ ಬಿಡುತ್ತೆ ಅಂತ ಪುಸ್ತಕಗಳಲ್ಲಿತ್ತು. ಇಲ್ಲಿ ಗಂಡಿಲ್ಲ. ಇರೋದೆಲ್ಲ ಒಂದೇ ಹೆಣ್ಣಿನ ತುಂಡುಗಳು.

ಇಲ್ಲಿ ನನಗೆ ಮುಖ್ಯ ಅನ್ನಿಸುವ ಒಂದು ಮಾತು. ಇಂಗ್ಲಿಷ್ ತೋಟದ ಪುಸ್ತಕಗಳಲ್ಲಿ ಈ ಗಿಡದ ಚರಿತ್ರೆ 'ಗ್ರೇಫರ್ ತಂದ, ಫಾರ್ಚೂನ್ ಗಂಡು ತಂದ' ಅಂತ ಎರಡು ಸಾಲಲ್ಲಿ ಮುಗಿಯುತ್ತೆ. ಆದರೆ ಚುಕ್ಕೆ? ಕಾಡಿನ ಅಓಕಿ ಹಸಿರು ಅಂತ ಹೇಳಿದೆನಲ್ಲ. ಹಸಿರಿನ ನಡುವೆ ಒಂದು ಚುಕ್ಕೆಯ ಗಿಡವನ್ನು ಕಂಡು, ನಿಂತು, ತಂದು, ಕಾಪಾಡಿ, ಟೊಂಗೆ ಕೊಟ್ಟು ಹಂಚಿದವರು ಜಪಾನಿನ ತೋಟಗಾರರು. ಎಡೋ ನಗರದಲ್ಲಿ (ಈಗಿನ ಟೋಕಿಯೋ) ಮಚ್ಚೆ ಎಲೆಯ ಗಿಡ ಕೂಡಿಡುವುದು ಒಂದು ದೊಡ್ಡ ಹವ್ಯಾಸವಾಗಿತ್ತು. ಇಂಥ ಗಿಡಗಳಿಗೆ 'ಫು-ಇರಿ' ಅಂತ ಹೆಸರು. ಸಮುರಾಯಿಗಳು, ವ್ಯಾಪಾರಿಗಳು, ಗಿಡ ಮಾರುವವರು ಎಲ್ಲರಿಗೂ ಅದರ ಗೀಳು. 1827ರಲ್ಲಿ ಅಓಯಾಮಾದ ಕಿಂತಾ ಎಂಬ ನರ್ಸರಿಯವನು ಅಪರೂಪದ ಗಿಡಗಳ ಸಚಿತ್ರ ಪುಸ್ತಕ ತಂದ. ಚಿತ್ರಗಳ ಜೊತೆ ಅವನ್ನು ಬೆಳೆಸಿದವರ, ಸಂಗ್ರಹಿಸಿದವರ ಹೆಸರುಗಳನ್ನೂ ಕೊಟ್ಟ. ಎರಡು ವರ್ಷ ಬಿಟ್ಟು, 1829ರಲ್ಲಿ, ಶೋಗನ್ನನ ಸೇವೆಯಲ್ಲಿದ್ದ ಮಿಜುನೋ ತದತೋಶಿ ಎಂಬ ಸಮುರಾಯಿ 'ಸೋಮೊಕು ಕಿನ್‌ಯೋಶೂ' ಪ್ರಕಟಿಸಿದ. ಗಿಡಮರಗಳ ಜರತಾರಿ ಎಲೆಗಳ ಸಂಗ್ರಹ ಅಂತ ಅರ್ಥ ಮಾಡಿಕೊಳ್ಳಬಹುದು. ಸುಮಾರು ಸಾವಿರ ಬಗೆಯ ಬಣ್ಣದೆಲೆಗಳ ಚಿತ್ರ ಅದರಲ್ಲಿದೆ. ನಮ್ಮ ವಾರ್ಡ್ ಡಾಕ್ಟರು ಶೀಶೆಯಲ್ಲಿ ಜರೀಗಿಡ ಕಂಡ ವರ್ಷವೇ ಅದು! ಇಂಗ್ಲೆಂಡಿನಲ್ಲಿ ಒಂದು ಚುಕ್ಕೆಗಿಡಕ್ಕೆ ಅಷ್ಟು ಸಂಭ್ರಮ ನಡೆಯುತ್ತಿದ್ದಾಗ ಅಲ್ಲಿ ಸಾವಿರದ ಪಟ್ಟಿ ಅಚ್ಚಾಗಿತ್ತು. ಬಣ್ಣದೆಲೆಯ ಬೇಲಿ ಒಂದು ಕಲೆ ಅನ್ನೋದಾದರೆ ಆ ಕಲಾವಿದರು ಇವರು. ಹೊತ್ತು ತಂದವರ ಹೆಸರು ಉಳಿಯಿತು, ಕಂಡವರದ್ದು ಉಳಿಯಲಿಲ್ಲ.

ಹೊತ್ತು ತಂದವನ ಕಥೆಯೂ ಸಾಮಾನ್ಯದ್ದಲ್ಲ. ರಾಬರ್ಟ್ ಫಾರ್ಚೂನ್ (1812-1880), ಸ್ಕಾಟ್ಲೆಂಡಿನವನು. ಇವನ ಹೆಸರು ನಮಗೆ ಚಹಾದಿಂದ ಗೊತ್ತಿರಬೇಕು. ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ 1848ರಲ್ಲಿ ಚೀನಾಕ್ಕೆ ಹೋಗಿ, ಚೀನೀಯರಂತೆ ವೇಷ ಹಾಕಿಕೊಂಡು, ವಿದೇಶಿಯರಿಗೆ ಪ್ರವೇಶವಿಲ್ಲದ ಒಳನಾಡಿಗೆ ನುಗ್ಗಿ ಚಹಾ ಬೀಜ, ಸಸಿ, ಕೊನೆಗೆ ಚಹಾ ಮಾಡಬಲ್ಲ ಕೆಲಸಗಾರರನ್ನೂ ಹಡಗು ಹತ್ತಿಸಿ 1851ರಲ್ಲಿ ಕಲ್ಕತ್ತಾಕ್ಕೆ ತಂದವನು. ಸಸಿಗಳು ಬಂದದ್ದು ವಾರ್ಡ್ ಡಾಕ್ಟರ ಗಾಜಿನ ಪೆಟ್ಟಿಗೆಗಳಲ್ಲೇ. ಅವು ಹೋದದ್ದು ಹಿಮಾಲಯದ ತಪ್ಪಲಿನ ತೋಟಗಳಿಗೆ.

1858ರ ಒಪ್ಪಂದದ ಪ್ರಕಾರ ಮರುವರ್ಷ ಜಪಾನಿನ ಕೆಲವು ಬಂದರುಗಳು ಬ್ರಿಟಿಷರಿಗೆ ತೆರೆದವು. 1860ರ ಅಕ್ಟೋಬರಿನಲ್ಲಿ ಫಾರ್ಚೂನ್ ನಾಗಸಾಕಿಯಲ್ಲಿ ಇಳಿದ. ಅವನ ಪಟ್ಟಿಯಲ್ಲಿ ಮುಖ್ಯವಾದದ್ದು ಗಂಡು ಆಕ್ಯುಬಾ. ಎಡೋದ ಸೊಮೇಯಿ ಎಂಬಲ್ಲಿ ಮೈಲಿಗಟ್ಟಲೆ ಸಾಲಾಗಿ ಹಬ್ಬಿದ್ದ ನರ್ಸರಿಗಳನ್ನು ನೋಡಿ ದಂಗಾದ. ಅವನು ಬರುವ ಹೊತ್ತಿಗೆ ಇನ್ನೊಬ್ಬ ಆಗಲೇ ಅಲ್ಲಿ ಗಿಡ ಕೊಳ್ಳುತ್ತಿದ್ದ: ಲಂಡನ್ನಿನ ದೊಡ್ಡ ನರ್ಸರಿ ಮನೆತನದ ಕುಡಿ ಜಾನ್ ಗೂಲ್ಡ್ ವೀಚ್, ವಯಸ್ಸು 21. ಆ ವರ್ಷವೇ ಬ್ರಿಟಿಷ್ ರಾಯಭಾರಿ ಆಲ್‌ಕಾಕ್ ಜೊತೆ ಫುಜಿ ಪರ್ವತ ಹತ್ತಿ ಬಂದಿದ್ದವನು. ಇಬ್ಬರೂ ಪೈಪೋಟಿಗೆ ಬಿದ್ದವರಂತೆ ಪೆಟ್ಟಿಗೆ ತುಂಬಿಸಿ ಹಡಗಿಗೇರಿಸಿದರು. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತಾನೆ.

ಗಂಡು ಸಿಕ್ಕಿದ್ದು ಯಾವ ಬೆಟ್ಟದ ಕಾಡಿನಲ್ಲೂ ಅಲ್ಲ, ಯೊಕೊಹಾಮಾ ಬಂದರಿನಲ್ಲೇ ವಾಸವಾಗಿದ್ದ ಜಾರ್ಜ್ ಹಾಲ್ ಎಂಬ ಅಮೆರಿಕದ ಡಾಕ್ಟರ ತೋಟದಲ್ಲಿ. (ಈ ಹಾಲ್ ಸಾಹೇಬರು ತಮ್ಮ ದೇಶಕ್ಕೂ ಗಿಡ ಕಳಿಸಿದರು. ಅವರ ಹೆಸರಿನ ಜಪಾನಿ ಹನಿಸಕಲ್ ಬಳ್ಳಿ ಅಮೆರಿಕದ ಕಾಡುಗಳಿಗೆ ನುಗ್ಗಿ, ಇವತ್ತಿಗೂ ಕಿತ್ತು ಮುಗಿಯದ ಕಳೆಯಾಗಿದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ.) ಫಾರ್ಚೂನ್ ಕಳಿಸಿದ ಗಂಡು ಗಿಡ 1861ರಲ್ಲಿ ಸರ್ರೆ ಪ್ರಾಂತ್ಯದ ಬ್ಯಾಗ್‌ಶಾಟ್ ಊರಿನ ಸ್ಟ್ಯಾಂಡಿಶ್ ನರ್ಸರಿ ಸೇರಿತು. 1864ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ ಪ್ರದರ್ಶನಕ್ಕೆ ಮೈತುಂಬ ಕೆಂಪು ಹಣ್ಣು ಬಿಟ್ಟ ಆಕ್ಯುಬಾ ಬಂದು ನಿಂತಿತು. ನೋಡಲು ಜನ ಮುಗಿಬಿದ್ದರು. ಅಜ್ಜನ ಕಾಲದಿಂದ ಮನೆಮುಂದೆ ಇದ್ದ ಗಿಡ, ಅದಕ್ಕೆ ಹೀಗೂ ಆಗುತ್ತೆ ಅಂತ ಗೊತ್ತಾದದ್ದು ಆಗಲೇ. ಗಂಡು ಗಿಡಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು.

ಆಮೇಲಿನದ್ದು ಬೇಗ ಹೇಳಿಬಿಡಬಹುದು. ಎಲ್ಲರ ಮನೆಯಲ್ಲೂ ಇರುವುದು ಯಾರಿಗೂ ಬೇಡವಾಯಿತು. 1870ರಲ್ಲಿ ವಿಲಿಯಂ ರಾಬಿನ್ಸನ್ 'ದ ವೈಲ್ಡ್ ಗಾರ್ಡನ್' ಬರೆದು, ಕತ್ತರಿಸಿ ಜೋಡಿಸಿದ ತೋಟಗಳ ಮೇಲೆ ಸಮರ ಸಾರಿದ. ಹೊಸ ತಲೆಮಾರಿಗೆ ಚುಕ್ಕೆ ಲಾರೆಲ್ ಅಂದರೆ ಅಜ್ಜಿ ಕಾಲದ ಮಂಕು ಪೊದೆ. 20ನೇ ಶತಮಾನದ ಕೊನೆಗೆ ಬೇಲಿಗೆ ಅಂತ ಇಂಗ್ಲಿಷರು ಮರುಳಾದದ್ದು ಲೇಲ್ಯಾಂಡ್ ಸೈಪ್ರಸ್ ಎಂಬ ಮಿಶ್ರತಳಿಗೆ, ಅದರಲ್ಲೂ 'ಕಾಸಲ್‌ವೆಲನ್ ಗೋಲ್ಡ್' ಎಂಬ ಹೊಂಬಣ್ಣದ್ದಕ್ಕೆ. ಅದು ನಿಲ್ಲದೆ ಬೆಳೆದು ಪಕ್ಕದ ಮನೆಯ ಬಿಸಿಲು ನುಂಗಿ, ಜಗಳಗಳಾಗಿ, ಕೊನೆಗೆ 2003ರ ಸಮಾಜಕಂಟಕ ವರ್ತನೆ ಕಾಯ್ದೆಯಲ್ಲಿ ಎತ್ತರದ ಬೇಲಿಗೇ ಒಂದು ಅಧ್ಯಾಯ ಬಂತು. 2005ರಿಂದ ಇಂಗ್ಲೆಂಡಿನಲ್ಲಿ ಜಾರಿ. ಎರಡು ಮೀಟರಿಗಿಂತ ಎತ್ತರದ ಬೇಲಿಯ ಮೇಲೆ ನೆರೆಯವರು ದೂರು ಕೊಡಬಹುದು, ಆದರೆ ಅದು ನಿತ್ಯಹಸಿರೋ ಹೆಚ್ಚುಕಮ್ಮಿ ನಿತ್ಯಹಸಿರೋ ಆಗಿರಬೇಕು. ಎಲೆ ಉದುರಿಸುವ ಬೇಲಿಗೆ ಆ ಕಾನೂನು ತಾಗುವುದಿಲ್ಲ. ಚಳಿಗಾಲದಲ್ಲೂ ಎಲೆ ಉಳಿಸಿಕೊಳ್ಳುವ ಗುಣಕ್ಕಾಗಿ ಯಾವ ಗಿಡಗಳನ್ನು ಹುಡುಕಿಕೊಂಡು ಜಪಾನಿನವರೆಗೆ ಹೋಗಿದ್ದರೋ ಆ ಗುಣವೇ ಈಗ ಕಾನೂನಿನಲ್ಲಿ ಆರೋಪ.

ಆಕ್ಯುಬಾ ಏನೂ ಅಳಿಯಲಿಲ್ಲ. ಈಗ ಹತ್ತಾರು ತಳಿಗಳಿವೆ, ಬ್ರಿಟನ್ನಿನ ಗಿಡಗಳ ಕೈಪಿಡಿಗಳಲ್ಲಿ ಒಂದೊಂದರ ಮುಂದೆಯೂ ಗಂಡೋ ಹೆಣ್ಣೋ ಅಂತ ಗುರುತು ಹಾಕಿರುತ್ತಾರೆ. (ಇದರಲ್ಲೂ ಒಂದು 'ಗೋಲ್ಡನ್ ಕಿಂಗ್' ಇದೆ. ಪುಣ್ಯಕ್ಕೆ ಇದು ಗಂಡೇ.) ಹಳದಿ ತೀರಾ ಜಾಸ್ತಿ ಇರುವ ಒಂದು ಹೆಣ್ಣು ತಳಿಯ ಹೆಸರು 'ಕ್ರೋಟೋನಿಫೋಲಿಯಾ'. ಅಂದರೆ ಕ್ರೋಟನ್ ಎಲೆಯದು.

ಕ್ರೋಟನ್ ಅಂದ ಕೂಡಲೇ ನಾವು ನಮ್ಮ ಮನೆ ಅಂಗಳಕ್ಕೆ ಬಂದ ಹಾಗಾಯಿತು. ಆ ಗಿಡದ ಊರು ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ ಪೆಸಿಫಿಕ್‌ವರೆಗೆ. ಮೊದಲು ಅದನ್ನು ವಿವರವಾಗಿ ಬರೆದವನು ಡಚ್ ಕಂಪನಿಯ ನೌಕರ ರುಂಫಿಯಸ್, ಅಂಬೋನ್ ದ್ವೀಪದಲ್ಲಿದ್ದುಕೊಂಡು. 1670ರಲ್ಲಿ ಅವನ ಎರಡೂ ಕಣ್ಣು ಹೋದವು. 1674ರ ಭೂಕಂಪದಲ್ಲಿ ಹೆಂಡತಿ, ಮಗಳು ತೀರಿಹೋದರು. 1687ರಲ್ಲಿ ಬೆಂಕಿ ಬಿದ್ದು ಚಿತ್ರಗಳು ಸುಟ್ಟವು. ಮತ್ತೆ ಬರೆಸಿ ಕಳಿಸಿದ ಪ್ರತಿ 1692ರಲ್ಲಿ ಹಡಗಿನ ಜೊತೆ ಮುಳುಗಿತು. ಯಾರೋ ಒಂದು ನಕಲು ಮಾಡಿಸಿಟ್ಟಿದ್ದರಿಂದ ಪುಸ್ತಕ ಉಳಿದು, ಅವನು ಸತ್ತು ಸುಮಾರು 40 ವರ್ಷಗಳ ಮೇಲೆ, 1741ರಿಂದ ಅಚ್ಚಾಯಿತು. ಎಲೆಯಲ್ಲಿ ಇಷ್ಟು ಬಣ್ಣ ತುಂಬಿಕೊಂಡ ಗಿಡದ ಪುಸ್ತಕ ಒಬ್ಬ ಕುರುಡನ ಬಾಯಿಂದ ಬಂದದ್ದು. ಗಿಡಕ್ಕೆ ಅವನು ಬಳಸಿದ ಅಲ್ಲಿನ ಹೆಸರಿನಿಂದಲೇ ಇಂದಿನ ಶಾಸ್ತ್ರೀಯ ಹೆಸರು ಕೊಡಿಯೇಯಂ ಬಂದಿದೆ. ನಡುವೆ ಲಿನ್ನೇಯಸ್ ಅದನ್ನು ಕ್ರೋಟನ್ ಜಾತಿಗೆ ಸೇರಿಸಿದ್ದ, ಶಾಸ್ತ್ರಜ್ಞರು ಬಿಟ್ಟರೂ ಜನ ಆ ಹೆಸರು ಬಿಡಲಿಲ್ಲ. ಗ್ರೀಕಿನಲ್ಲಿ ಕ್ರೋಟನ್ ಅಂದರೆ ಉಣುಗು, ದನದ ಮೈಮೇಲೆ ಕಚ್ಚಿಕೊಂಡಿರುತ್ತಲ್ಲ ಅದೇ. ಹರಳೆಣ್ಣೆ ಬೀಜ ಹಾಗೆ ಕಾಣುತ್ತೆ ಅಂತ ಹರಳಿನ ಗಿಡಕ್ಕೂ ಆ ಹೆಸರು, ಅಲ್ಲಿಂದ ಈ ಬಳಗಕ್ಕೆ.

ಈಗ ವೀಚ್ ಹುಡುಗ ಬರುತ್ತಾನೆ. ಜಪಾನ್ ಮುಗಿಸಿದ ಅವನು 1864ರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಸಮುದ್ರದ ದ್ವೀಪಗಳ ಕಡೆ ಹೊರಟು ಬಗೆಬಗೆಯ ಕ್ರೋಟನ್, ಡ್ರಸೀನಾಗಳನ್ನು ಲಂಡನ್ನಿಗೆ ತಂದ. 31ನೇ ವಯಸ್ಸಿನಲ್ಲಿ, 1870ರಲ್ಲಿ, ಕ್ಷಯದಿಂದ ಸತ್ತ. ಅವನು ತಂದ ಗಿಡಗಳು ವಿಕ್ಟೋರಿಯಾ ಕಾಲದ ದೊಡ್ಡ ಫ್ಯಾಷನ್ ಆದವು. ಇಂಗ್ಲೆಂಡಿನಲ್ಲಿ ಅವಕ್ಕೆ ಗಾಜಿನ ಮನೆ ಬೇಕು, ಇಲ್ಲಿ ಬಯಲೇ ಸಾಕು. 1856ರಲ್ಲಿ ಸರ್ಕಾರಿ ಸಸ್ಯತೋಟವಾದ ಲಾಲ್‌ಬಾಗ್, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರ ಕೈಯಲ್ಲಿ ಇಂಥ ಪರದೇಶಿ ಗಿಡಗಳ ನಿಲ್ದಾಣವಾಯಿತು. 1874ರಿಂದ 1908ರವರೆಗೆ ಅಲ್ಲಿದ್ದ ಜಾನ್ ಕ್ಯಾಮರಾನ್ (ನಮ್ಮ ಸೀಮೆಬದನೆಯನ್ನೂ ತಂದವರು ಇವರೇ ಅನ್ನುತ್ತಾರೆ), ಆಮೇಲೆ ಬಂದ ಜರ್ಮನಿಯ ಕ್ರುಂಬಿಗಲ್. ದಂಡಿನ ಬಂಗಲೆಗಳ ಅಂಗಳದಿಂದ ಕ್ರೋಟನ್ ಊರ ಮನೆಗಳ ಮುಂದಕ್ಕೂ ಬಂತು. ಅದುವರೆಗೆ ಬೇಲಿ ಅಂದರೆ ಕಳ್ಳಿ, ಕತ್ತಾಳೆ, ಲಕ್ಕಿ, ಮದರಂಗಿ, ದಾಸವಾಳ: ಒಂದು ಮದ್ದಿಗೆ, ಒಂದು ಹಗ್ಗಕ್ಕೆ, ಒಂದು ಪೂಜೆಗೆ. ಕ್ರೋಟನ್ ಇವು ಯಾವುದಕ್ಕೂ ಬರುವುದಿಲ್ಲ, ನೋಡೋದಕ್ಕೆ ಮಾತ್ರ. ಅದರ ಹಾಲಿಗೆ ಮೈ ತುರಿಸುತ್ತೆ. ಗೂಟಿ ಕಟ್ಟಿದರೆ ಸುಲಭವಾಗಿ ಬೇರು ಬಿಡುತ್ತೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಅದು ಹೋದದ್ದು ಹೀಗೆ ಕೈಯಿಂದ ಕೈಗೆ, ಬೀಜದ ಪ್ಯಾಕೆಟ್ಟಿನಲ್ಲಲ್ಲ.

ಈಗಿನ ಕಾಲದ್ದು ಹಳದಿ ಡುರಾಂಟ. ಅಪಾರ್ಟ್‌ಮೆಂಟು, ಟೆಕ್ ಪಾರ್ಕು, ರಸ್ತೆ ಮಧ್ಯದ ಡಿವೈಡರು, ಎಲ್ಲ ಕಡೆ ಮೊಣಕಾಲೆತ್ತರಕ್ಕೆ ಚೌಕವಾಗಿ ಕತ್ತರಿಸಿದ ನಿಂಬೆ ಬಣ್ಣದ ಸಾಲು. ಅಮೆರಿಕ ಖಂಡದ ಬೆಚ್ಚನೆಯ ನಾಡುಗಳಿಂದ ಬಂದ ಗಿಡ. ಇದೂ ಟೊಂಗೆಯಿಂದ ಟೊಂಗೆಗೆ ನಕಲಾಗುತ್ತ ಬಂದದ್ದೇ, ಇದರಲ್ಲೂ ಆಗಾಗ ಹಸಿರು ರೆಂಬೆ ಎದ್ದು ಬರುತ್ತೆ. ಮಾಲಿಯ ಕತ್ತರಿ ಮೇಲಿಂದ ಮೇಲೆ ಬೀಳುವುದರಿಂದ ಈ ಗಿಡ ಹೂ ಬಿಡುತ್ತೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ಆಫೀಸಿನ ಕಾಂಪೌಂಡಿನಲ್ಲಿ ಜನರೇಟರ್ ಹಿಂದೆಯೋ ನೀರಿನ ಟ್ಯಾಂಕಿನ ಪಕ್ಕದಲ್ಲೋ ಕತ್ತರಿ ತಲುಪದ ಒಂದು ಗಿಡ ಇದ್ದರೆ ಹೋಗಿ ನೋಡಿ. ತಿಳಿ ನೇರಳೆಯ ಸಣ್ಣ ಹೂಗೊಂಚಲು ಇಳಿಬಿದ್ದಿರುತ್ತೆ, ಚಿಟ್ಟೆಗಳು ಬಂದಿರುತ್ತವೆ. ಆಮೇಲೆ ಕಿತ್ತಳೆ ಬಣ್ಣದ ಮಣಿಯಂಥ ಹಣ್ಣು. (ಮಕ್ಕಳಿದ್ದರೆ ಹುಷಾರು, ತಿನ್ನುವಂಥದ್ದಲ್ಲ, ವಿಷ.) ನರ್ಸರಿಗಳಲ್ಲಿ 'ಗೋಲ್ಡನ್ ಡುರಾಂಟ' ಅಂತಲೇ ಅಂತಾರೆ. ನಿಮ್ಮ ಊರಿನ ಕಡೆ ಬೇರೆ ಏನಾದರೂ ಹೆಸರಿದ್ದರೆ ತಿಳಿಸಿ, ಜೊತೆಗೆ ಅದನ್ನು ಮೊದಲು ಊರಿಗೆ ತಂದು ನೆಟ್ಟವರು ಯಾರು ಅಂತ ಗೊತ್ತಿದ್ದರೆ ಅದನ್ನೂ.